ನಳದ ಪಾಳಿಗೆ ಯಾವ ಕೋಣೆ?

ತಮ್ಮಂದಿರೇ, ತಂಗಿಯರೇ, ಮನೆಗೆ ಬಂದವಳು ಚಹಾ ಕೂಡ ಇಡದೆ ಇದನ್ನು ಬರೆಯುತ್ತಿದ್ದೇನೆ. ಇಂದು ನಮ್ಮ ಬಡಾವಣೆ ಆಂಟಾಪ್ ಹಿಲ್‌ನಲ್ಲಿ ನಮ್ಮ ಕನ್ನಡ ಸಂಘದ ಚಿತ್ರ-ಬರಹ ಪ್ರದರ್ಶನದಲ್ಲಿ ಕತ್ತರಿ ಹೊರಬಿತ್ತು!

ಪಕ್ಕದ ಖೋಲಿಮನೆಯ ಶಾಂತವ್ವ, ಹೋದ ವರ್ಷ ನನ್ನ ಹತ್ತಿರ ಅಕ್ಷರ ಕಲಿತವಳು, ಚಾಳಿನ ನಳದ ಪಾಳಿಯ ಚಿತ್ರ ಮಾಡಿ ತಂದಿದ್ದಳು. ಕೊಡ ಹಿಡಿದ ಹೆಂಗಸರ ಸಾಲು. ಒಬ್ಬೊಬ್ಬಳ ಬಾಯಿಂದ ಹೊರಟ ಬೈಗುಳ ಮುಂದಿನವಳ ಜಡೆಯವರೆಗೂ ಅಕ್ಷರದಲ್ಲಿ.

ಚಿತ್ರದ ಕೋಣೆಯ ಮೇಷ್ಟ್ರು, "ಇಷ್ಟು ಅಕ್ಷರ ಇದ್ದರೆ ಚಿತ್ರ ಅಂತ ಚೀಟಿ ಹಚ್ಚಲಿಕ್ಕೆ ಆಗುವುದಿಲ್ಲ" ಎಂದರು. ಬರಹದ ಕೋಣೆಯವರು, "ಗೊಂಬೆ ಇದ್ದರೆ ಬರಹ ಹೇಗಾದೀತು?" ಎಂದು ವಾಪಸು ಕಳಿಸಿದರು. ಕೊನೆಗೆ ಮೇಷ್ಟ್ರೇ ಕತ್ತರಿ ಎತ್ತಿಕೊಂಡರು. "ಮಾತು ಕತ್ತರಿಸಿ ತೆಗೆಯುವ. ಚಿತ್ರ ಚಂದ ಉಂಟು."

ಶಾಂತವ್ವ ಹಾಳೆಯ ಮೇಲೆ ಎರಡೂ ಕೈ ಊರಿದಳು. "ನಾಲಿಗಿ ಕೊಯ್ದು ಬರೇ ಮಾರಿ ತೂಗಹಾಕ್ತೀರೇನ್ರೀ? ಮೊದಲ ನನ್ನ ಕೈ ಕತ್ತರಸ್ರಿ!"

ಕತ್ತರಿಯ ಬಾಯಿ ಅವಳ ಬೆರಳ ಪಕ್ಕದಲ್ಲೇ ಇತ್ತು.

"ಮೇಷ್ಟ್ರೇ, ಅದನ್ನು ಕೆಳಗಿಡಿ. ಇದು ಏನೆಂದು ಅವಳೇ ಬರೆಯಲಿ" ಎಂದೆ. ಖಾಲಿ ಚೀಟಿಯೊಂದನ್ನು ಅವಳ ಮುಂದಿಟ್ಟೆ.

ಅವಳು ಚೀಟಿಯಲ್ಲಿ ನಿಧಾನವಾಗಿ ಬರೆದಳು: 'ನೋಡೂದು ಓದೂದು ಎರಡೂ'.

ಆ ಹೆಸರಿನ ಕೋಣೆ ಇಲ್ಲವಲ್ಲ! ಎರಡು ಕೋಣೆಗಳ ನಡುವಿನ ಬಾಗಿಲಿಗೆ ತೂಗುಹಾಕಿದರು. ನಾಲ್ಕು ಗಂಟೆಯ ಹೊತ್ತಿಗೆ ಅಲ್ಲಿ ಜನರ ಪಾಳಿ ಹತ್ತಿ, "ಆಚೆ ಸರಿಯಮ್ಮಾ, ನಾನು ಮೊದಲು ಬಂದದ್ದು" ಎಂಬ ಜಗಳವೂ ಶುರುವಾಯಿತು. ಬಿಡಿಸಲು ಹೋದ ಮೇಷ್ಟ್ರ ಮಾತು ಮಾತ್ರ ಯಾರಿಗೂ ಕೇಳಿಸಲಿಲ್ಲ.