ಬಾವ ಮಸೆದ ಕರಿಕಲ್ಲು

ಕಡಬದ ಪೇಟೆಯಲ್ಲಿ ಬಾವ ಎಂಬವನ ಸಾಣೆ ಅಂಗಡಿ ಇತ್ತು. ಸುತ್ತಲಿನ ಕತ್ತಿ, ಕೊಡಲಿ, ಕ್ಷೌರದ ಬಾಳು ಎಲ್ಲ ಅವನ ಕೈಗೇ ಬರುತ್ತಿದ್ದವು. ಅಲಗಿನ ಮೇಲೆ ಹೆಬ್ಬೆರಳು ಸವರಿ, ಅದರ ಯಜಮಾನ ಹುಲ್ಲು ಕೊಯ್ಯುವವನೋ ಕಟ್ಟಿಗೆ ಕಡಿಯುವವನೋ ಎಂದು ಹೇಳಿಬಿಡುತ್ತಿದ್ದ. ಶಾಲೆಗೆ ಹೋದದ್ದು ಎರಡೇ ವರ್ಷ. ಮನೆಯಲ್ಲಿ ಬ್ಯಾರಿ ಮಾತು, ಗಿರಾಕಿಗಳೊಡನೆ ತುಳು, ಮಾಸ್ತರರು ಬಂದರೆ ಕನ್ನಡ.

ಅರುವತ್ತನಾಲ್ಕರ ನವೆಂಬರಿನಲ್ಲಿ ಹತ್ತಿರದ ಶಾಲೆಯ ಮಕ್ಕಳು ಆಟದ ಬಯಲು ಸಮತಟ್ಟು ಮಾಡುತ್ತಿದ್ದಾಗ ಮೂರು ಕಪ್ಪು ಕಲ್ಲುಗಳು ಸಿಕ್ಕಿದವು. ಅಂಗೈಯಗಲ, ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು. ಸಿಡಿಲಿನೊಂದಿಗೆ ಬಿದ್ದ ಕಲ್ಲುಗಳೆಂದರು ಊರವರು. ಚರಿತ್ರೆ ಕಲಿಸುತ್ತಿದ್ದ ಸುಳ್ಯದ ಕಡೆಯ ತೀರ್ಥರಾಮ ಮಾಸ್ತರರಿಗೆ ಅದು ಒಪ್ಪಿಗೆಯಾಗಲಿಲ್ಲ. ಹೊಳೆಯಲ್ಲಿ ಉರುಳಿ ಸವೆದ ಕಲ್ಲೋ, ಮನುಷ್ಯ ಮಾಡಿದ್ದೋ? ಶಾಲೆಯ ಕತ್ತಿಗಳನ್ನು ಹರಿತ ಮಾಡಿಸಲು ಬಂದಾಗ ಒಂದು ಕಲ್ಲನ್ನೂ ಬಾವನ ಮುಂದಿಟ್ಟರು.

ಬಾವ ಅದನ್ನು ಬೆಳಕಿಗೆ ಹಿಡಿದ.

“ಇದು ಮಸೆದದ್ದು ಮಾಸ್ಟ್ರೆ.”

“ಹೊಳೆ ಮಸೆದಿರಬಹುದಲ್ಲ?”

“ಹೊಳೆಗೆ ಎಲ್ಲ ಬದಿ ಒಂದೇ. ಇಲ್ಲಿ ಗೀರು ನೋಡಿ, ಎಲ್ಲ ಒಂದೇ ದಿಕ್ಕಿಗೆ ಉಂಟು. ಈ ತೆಳು ಬಾಯಿ ಒಮ್ಮೆ ಮುರಿದಿದೆ, ಪುನಃ ಮಸೆದಿದ್ದಾರೆ.” ಕಲ್ಲನ್ನು ಹಿಂದಿರುಗಿಸುತ್ತ ಕೇಳಿದ, “ಹಾಗಾದ್ರೆ ಮಸೆಯುವ ಕಲ್ಲು ಎಲ್ಲಿ ಉಂಟು?”

ಈ ಪ್ರಶ್ನೆ ಮಾಸ್ತರರಿಗೆ ಹೊಳೆದೇ ಇರಲಿಲ್ಲ. ಮುಂದಿನ ಭಾನುವಾರ ಬಾವ ಸಾಣೆ ಮುಚ್ಚಿ, ಮಾಸ್ತರರ ಮತ್ತು ಮಕ್ಕಳ ಜೊತೆ ಶಾಲೆಯ ಕೆಳಗೆ ಹರಿಯುವ ತೋಡಿನುದ್ದಕ್ಕೂ ನಡೆದ. ನಾಲ್ಕನೆಯ ತಿರುವಿನಲ್ಲಿ ಒಂದು ಚಪ್ಪಟೆ ಬಂಡೆ. ಮೈಮೇಲೆ ದೋಣಿಯಾಕಾರದ ಐದು ತಗ್ಗುಗಳು. ಬಾವ ಕುಕ್ಕರುಗಾಲಿನಲ್ಲಿ ಕೂತು, ಜೊತೆಗೆ ತಂದಿದ್ದ ಕಪ್ಪು ಕಲ್ಲನ್ನು ಒಂದು ತಗ್ಗಿಗೆ ಇಟ್ಟ. ಸರಿಯಾಗಿ ಕೂತಿತು.

ಮಾಸ್ತರರು ಬರೆದ ಪತ್ರಕ್ಕೆ ಮೈಸೂರಿನಿಂದ ಒಬ್ಬ ವಿದ್ವಾಂಸರು ಫೆಬ್ರವರಿಯಲ್ಲಿ ಬಂದರು. ಬಂಡೆಯನ್ನು ಅಳೆದು, ಕಲ್ಲುಗಳನ್ನು ನೋಡಿ, ಕೊಡಲಿಗಳೇ ಹೌದು, ಮೂರು ಮೂರೂವರೆ ಸಾವಿರ ವರ್ಷ ಹಿಂದಿನವಿರಬಹುದು ಎಂದರು.

“ಕಲ್ಲು ನೋಡಿ ವರ್ಷ ಹೇಗೆ ಗೊತ್ತಾಗುದು?” ಎಂದ ಬಾವ.

“ಕಲ್ಲಿನಿಂದ ಗೊತ್ತಾಗುವುದಿಲ್ಲ. ಬಯಲುಸೀಮೆಯಲ್ಲಿ ಇಂಥವೇ ಕೊಡಲಿಗಳು ಹಳೆಯ ಒಲೆಯ ಇದ್ದಿಲಿನೊಂದಿಗೆ ಸಿಕ್ಕಿವೆ. ಆ ಇದ್ದಿಲನ್ನು ಪರೀಕ್ಷಿಸಿ ಕಾಲ ಹೇಳುತ್ತಾರೆ. ಇಲ್ಲಿ ಬಯಲು ಮಟ್ಟ ಮಾಡುವಾಗ ಮಣ್ಣೆಲ್ಲ ಬುಟ್ಟಿಯಲ್ಲಿ ಹೋಯಿತು. ಹಾಗಾಗಿ ಇದು ಹೋಲಿಸಿ ಹೇಳುವ ಅಂದಾಜು ಅಷ್ಟೇ.”

“ಒಂದು ಮಸೆಯಲು ಎಷ್ಟು ದಿನ ಬೇಕು?”

ವಿದ್ವಾಂಸರು ಕನ್ನಡಕ ತೆಗೆದರು. “ಗೊತ್ತಿಲ್ಲ. ಮಸೆದು ನೋಡಿದವರನ್ನು ನಾನು ಕಂಡಿಲ್ಲ.”

ಆ ಉತ್ತರ ಬಾವನನ್ನು ಬಿಡಲಿಲ್ಲ. ಮಳೆಗಾಲದಲ್ಲಿ ಸಾಣೆಗೆ ಗಿರಾಕಿ ಕಡಿಮೆಯಾದಾಗ ಹೊಳೆಯಿಂದ ಕರಿಕಲ್ಲು ತಂದು ಜಗಲಿಯಲ್ಲಿ ಮಸೆಯಲು ಕೂತ. ಹೆಂಡತಿ ಜೈನಬಮ್ಮ ಎರಡು ದಿನ ನೋಡಿ ಕೇಳಿದಳು, “ಕಬ್ಬಿಣದ ಕೊಡಲಿ ಮೂರು ಉಂಟಲ್ಲ, ಇದು ಎಂತಕ್ಕೆ?”

“ಆ ಕಾಲದಲ್ಲಿ ಮಸೆದವನಿಗೆ ಎಷ್ಟು ಕಷ್ಟ ಆಯ್ತು ಅಂತ ನೋಡುದು.”

ಮೊದಲ ಕಲ್ಲು ಆರನೆಯ ದಿನ ಸೀಳಿತು. ಎರಡನೆಯದಕ್ಕೆ ಹೊಳೆಯ ದೊರಗು ಮರಳು ಹಾಕಿ, ನೀರು ಚಿಮುಕಿಸುತ್ತ ತಿಕ್ಕಿದ. ಕೆಲಸ ಬೇಗ ಸಾಗಿತು. ಹತ್ತೊಂಬತ್ತು ಮಧ್ಯಾಹ್ನಗಳು ಹಿಡಿದವು. ಹಿಡಿಗೆ ಬೆತ್ತದಲ್ಲಿ ಬಿಗಿದು, ಮಾಸ್ತರರ ಮತ್ತು ಮಕ್ಕಳ ಎದುರಿಗೇ ಒಂದು ಹಾಲುವಾಣ ಮರದ ಕಾಂಡಕ್ಕೆ ಹೊಡೆದ. ಕಬ್ಬಿಣದಂತೆ ಅದು ಸೀಳಲಿಲ್ಲ, ಮರವನ್ನು ಜಜ್ಜುತ್ತ ಒಳಗೆ ಹೋಯಿತು. ನಲುವತ್ತು ಏಟಿನ ಹೊತ್ತಿಗೆ ಬಾಯಿಯ ಒಂದು ಚೂರು ಹಾರಿತು. ಶಾಲೆಯಲ್ಲಿದ್ದ ಆ ಹಳೆಯ ಕಲ್ಲಿನ ಕೊಡಲಿಯನ್ನು ಪಕ್ಕದಲ್ಲಿಟ್ಟು ನೋಡಿದರೆ, ಅದರ ಮುರಿತವೂ ಇಂಥದ್ದೇ. ತನ್ನ ಕೊಡಲಿ ಸೋತದ್ದಕ್ಕೆ ಬಾವ ನಕ್ಕದ್ದನ್ನು ಮಕ್ಕಳು ಮೊದಲ ಸಲ ಕಂಡರು.

ಇದನ್ನೆಲ್ಲ ಅವನು ಹೇಳಿ, ಮಾಸ್ತರರು ಬರೆದು, ಮೈಸೂರಿಗೆ ಪತ್ರ ಹೋಯಿತು. ಯಾವ ಮರಳು, ದಿನಕ್ಕೆ ಎಷ್ಟು ಗಂಟೆ, ಯಾವ ಕೈ ಎಂದು ಎರಡು ಪುಟದ ಪ್ರಶ್ನೆಗಳು ಬಂದವು. ಬಾವ ಒಂದೊಂದಕ್ಕೂ ಉತ್ತರ ಹೇಳಿದ.

ಶಾಲೆಯ ಕಪಾಟಿಗೆ ತನ್ನ ಕೊಡಲಿಯನ್ನು ಕೊಡುವ ಮೊದಲು ಉಳಿಯಿಂದ ಅದರ ಹಿಂಬದಿಯಲ್ಲಿ 1965 ಎಂದು ಕೆತ್ತಿದ.

“ಇಲ್ಲದಿದ್ರೆ ಮುಂದಿನವರು ಇದಕ್ಕೂ ಮೂರು ಸಾವಿರ ವರ್ಷ ಹೇಳಿಯಾರು,” ಎಂದ.