ಮಲಕಾರಿ ಮೂರು ಸಲ ಬೇಡ ಅಂದದ್ದು

ಅಥಣಿಯ ನಮ್ಮ ಇತಿಹಾಸ ಸಂರಕ್ಷಣಾ ಸಮಿತಿಯ ದಂಡಯಾತ್ರೆಗಳು ಭಾನುವಾರ ಬೆಳಿಗ್ಗೆ ಎಂಟಕ್ಕೆ, ತಲೆಗೊಂದು ಪ್ಲೇಟ್ ಅವಲಕ್ಕಿ ಆದ ಮೇಲೆ ಹೊರಡುತ್ತಿದ್ದವು. ನಾಲ್ಕು ಬೈಕುಗಳ ಅಶ್ವದಳ, ಏಳು ಜನ ಸೇನಾಪತಿಗಳು. ಸಿಪಾಯಿಯಾಗಲು ಯಾರೂ ಒಪ್ಪದ್ದರಿಂದ ಏಳೂ ಜನ ಸೇನಾಪತಿಗಳೇ. ಆಯುಧಗಳೆಂದರೆ ಒಂದು ಅಳತೆಯ ಟೇಪು, ಎರಡು ಬ್ರಷ್, ಸವೆದ ಅಕ್ಷರಗಳ ಮೇಲೆ ತಿಕ್ಕಲು ಎರಡು ಕಿಲೋ ಮೈದಾ ಹಿಟ್ಟು. ಹಿಟ್ಟು ಮುಗಿದಲ್ಲಿಗೆ ಆ ದಿನದ ಇತಿಹಾಸವೂ ಮುಗಿಯುತ್ತಿತ್ತು. ಎಲ್ಲರ ಮುಂದೆ ಅಧ್ಯಕ್ಷರಾದ ಶ್ರೇಣಿಕ ಸರ್, ನಿವೃತ್ತ ಹೈಸ್ಕೂಲು ಮಾಸ್ತರರು, ತಲೆಯ ಮೇಲೆ ಅಗಲವಾದ ಬಿಳಿ ಟೊಪ್ಪಿಗೆ. ಹಳ್ಳಿಯ ನಾಯಿಗಳು ಮೊದಲು ಅವರನ್ನೇ ಅಟ್ಟಿಸಿಕೊಂಡು ಬರುತ್ತಿದ್ದವು. ನಾಯಕತ್ವವೆಂದರೆ ಹಾಗೆಯೇ.

ನಮ್ಮನ್ನು ಯಾರೂ ನೇಮಿಸಿರಲಿಲ್ಲ, ಹಾಗಾಗಿ ಯಾರೂ ತೆಗೆದುಹಾಕುವ ಹಾಗೂ ಇರಲಿಲ್ಲ. ತಾಲೂಕಿನ ಹೊಲಗದ್ದೆಗಳಲ್ಲಿ ಬಿದ್ದಿರುವ ವೀರಗಲ್ಲು, ಶಾಸನಗಳನ್ನು ಹುಡುಕಿ, ಅಳೆದು, ಫೋಟೋ ತೆಗೆದು ದಪ್ಪ ಪುಸ್ತಕದಲ್ಲಿ ಬರೆಯುವುದು ನಮ್ಮ ಕೆಲಸ. ವರ್ಷಕ್ಕೊಮ್ಮೆ ಹೋಗಿ ಅವು ಇನ್ನೂ ಅಲ್ಲೇ ಇವೆಯೇ ಎಂದು ನೋಡಿ ಬರುವುದು ಅದರ ಇನ್ನೊಂದು ಭಾಗ. ಮೊದಲ ಮೂರು ವರ್ಷಗಳಲ್ಲಿ ನಾಲ್ಕು ಕಲ್ಲುಗಳನ್ನು ಜಯಿಸಿದೆವು. ಅವುಗಳಲ್ಲಿ ಒಂದು ಬ್ರಿಟಿಷರ ಕಾಲದ ಮೈಲುಗಲ್ಲು ಎಂದು ಆಮೇಲೆ ತಿಳಿಯಿತು.

ನಾಲ್ಕನೆಯ ವರ್ಷ ಅನಂತಪುರದ ಹತ್ತಿರ ಒಂದು ಹೊಲದಲ್ಲಿ ಎರಡು ತಾಸು ಸುತ್ತುತ್ತಿದ್ದೆವು. ಬದುವಿನ ಮೇಲೆ ಕಂಬಳಿ ಹೊದ್ದು ನಿಂತಿದ್ದ ಒಬ್ಬ ಕುರುಬ ಇದನ್ನೆಲ್ಲ ನೋಡುತ್ತಲೇ ಇದ್ದ. ಕೊನೆಗೆ ಏನು ಕಳೆದುಕೊಂಡಿದ್ದೀರಿ ಎಂದು ಕೇಳಿದ. ಹನ್ನೆರಡನೆಯ ಶತಮಾನ ಎಂದರು ಶ್ರೇಣಿಕ ಸರ್. ಅವನು ಸ್ವಲ್ಪ ಯೋಚಿಸಿ, ಕೋಲಿನಿಂದ ಮುಳ್ಳುಕಂಟಿಯ ಒಂದು ಮೆಳೆಯನ್ನು ಸರಿಸಿದ. ಶತಮಾನ ಅಲ್ಲಿ ಓರೆಯಾಗಿ ನಿಂತಿತ್ತು.

ಅವನೇ ಮಲಕಾರಿ. ವಯಸ್ಸು ಅರವತ್ತರ ಆಸುಪಾಸು, ಮನೆಯಲ್ಲಿ ಹೆಂಡತಿ ಹೊಳೆವ್ವ, ಹಿಂದೆ ನೂರಾ ಹತ್ತು ಕುರಿ. ಮನೆಯಲ್ಲಿ ಎಂದದ್ದು ರೂಢಿಯ ಮಾತು. ವರ್ಷದ ಎಂಟು ತಿಂಗಳು ಅವರಿಬ್ಬರ ಮನೆ ಬೇರೆಯವರ ಹೊಲವೇ. ಬೆಳೆ ಕೊಯ್ದ ಹೊಲದಲ್ಲಿ ಕುರಿಗಳನ್ನು ನಾಲ್ಕಾರು ರಾತ್ರಿ ನಿಲ್ಲಿಸಿದರೆ ಹಿಕ್ಕೆ ಬಿದ್ದು ನೆಲ ಕಸುವಾಗುತ್ತದೆ. ರೈತ ಅದಕ್ಕೆ ಜೋಳ ಅಳೆದು ಕೊಡುತ್ತಾನೆ, ಕುರಿಗೆ ಮೇವೂ ಆಗುತ್ತದೆ. ಆದರೆ ಇನ್ನೊಬ್ಬರ ಹೊಲದಲ್ಲಿ ಮಲಗಿ ಏಳುವವನ ಕಣ್ಣಿಗೆ ಏನೆಲ್ಲ ಬೀಳುವುದಿಲ್ಲ! ಯಾರು ಬದುವಿನ ಕಲ್ಲನ್ನು ಎರಡು ಗೇಣು ಆಚೆ ಸರಿಸಿದರು, ಯಾರ ಬೋರು ಬತ್ತಿತು, ಯಾರ ಮಗಳು ಯಾರ ಕಬ್ಬಿನಿಂದ ಹೊರಗೆ ಬಂದಳು. ನೋಡಿದ್ದನ್ನು ಆಡದವನಿಗೆ ಮಾತ್ರ ಮರುವರ್ಷ ಹೊಲ ಸಿಗುತ್ತದೆ. ಮಲಕಾರಿಗೆ ನಲವತ್ತು ವರ್ಷ ಸಿಕ್ಕಿತ್ತು. ಅವನ ನಿಜವಾದ ಆಸ್ತಿ ಕುರಿಯಲ್ಲ, ಅವನ ಮುಚ್ಚಿದ ಬಾಯಿ.

ಅಂಥವನು ನಮ್ಮ ಮುಂದೆ ಬಾಯಿ ತೆರೆದದ್ದು ಏಕೆ? ಎಲ್ಲೆಲ್ಲಿ ಕುರಿ ನಿಲ್ಲಿಸುತ್ತಿದ್ದನೋ ಅಲ್ಲಲ್ಲಿನ ವೀರಗಲ್ಲಿಗೆ ಒಂದು ಚಿಟಿಕೆ ಭಂಡಾರ, ಅಂದರೆ ದೇವರ ಅರಿಶಿನ, ಹಚ್ಚುವುದು ಅವನ ಪದ್ಧತಿ. ಆ ವರ್ಷ ಒಂದು ಕಲ್ಲನ್ನು ಯಾರೋ ಕಿತ್ತು ಕಾಲುವೆಯ ಪಕ್ಕ ಒಗೆಯುವ ಬಂಡೆ ಮಾಡಿಕೊಂಡಿದ್ದರು.

“ಅವನ ಮಕದ ಮ್ಯಾಲ ಅರಬಿ ಒಗಿಯಾಕತ್ತಾರ್ರಿ ಸರ,” ಎಂದ ಮಲಕಾರಿ. “ಅವನೂ ಯಾರದೋ ಮನಿ ಮಗಾನಽ ಅಲ್ಲೇನ್ರಿ.”

ಎಲ್ಲ ಕಲ್ಲುಗಳನ್ನೂ ತೋರಿಸುತ್ತೇನೆ, ಕಾಪಾಡಿ, ಆದರೆ ನನ್ನ ಹೆಸರು ಎಲ್ಲಿಯೂ ಬರಬಾರದು ಎಂದು ಷರತ್ತು ಹಾಕಿದ. ಅದು ಅವನ ಮೊದಲನೆಯ ಬೇಡ. ಶ್ರೇಣಿಕ ಸರ್ ಅವನ ಬೆನ್ನು ತಟ್ಟಿದರು.

ಎರಡು ಬೇಸಿಗೆ ನಮ್ಮ ಸೇನೆ ಕುರಿಗಳ ಹಿಂದೆ ನಡೆಯಿತು. ಸಮಿತಿಯ ಪುಸ್ತಕ ದಪ್ಪವಾಯಿತು: ಇಪ್ಪತ್ತೇಳು ಹೊಸ ಕಲ್ಲುಗಳು. ಅವುಗಳಲ್ಲಿ ಶ್ರೇಷ್ಠವಾದದ್ದು ಮುರಗೆಪ್ಪನ ಹೊಲದಲ್ಲಿ ಸಿಕ್ಕಿತು. ಮುರಗೆಪ್ಪ ಕಬ್ಬು, ದ್ರಾಕ್ಷಿ ಬೆಳೆಯುವ ಅನುಕೂಲಸ್ಥ. ಅವನ ದ್ರಾಕ್ಷಿ ತೋಟದ ಪಕ್ಕದ ಜೋಳದ ಹೊಲದಲ್ಲಿ ಎದೆಮಟ್ಟದ ಕಲ್ಲು. ಬೇರೆ ವೀರಗಲ್ಲುಗಳಲ್ಲಿ ಕುದುರೆ, ಕತ್ತಿ, ದನಗಳು. ಇದರಲ್ಲಿ ಕೋಲು ಹಿಡಿದ ಒಬ್ಬ ಮನುಷ್ಯ, ಅವನ ಕಾಲ ಬುಡದಲ್ಲಿ ಸಾಲಾಗಿ ಕುರಿಗಳು. ಕುರಿಗಾಗಿ ಸತ್ತವನು. ಶ್ರೇಣಿಕ ಸರ್ ಟೊಪ್ಪಿಗೆ ತೆಗೆದು ನಿಂತರು, ಮೈದಾ ತಿಕ್ಕುವುದನ್ನೂ ಮರೆತು.

ಇಲ್ಲಿಗೆ ನಿಂತಿದ್ದರೆ ಇದು ಸುಖದ ಕಥೆಯಾಗುತ್ತಿತ್ತು. ಆದರೆ ನಮ್ಮ ಸಮಿತಿ ಕೃತಜ್ಞ ಸಮಿತಿ. ಹಿಂದೆ ಯಾರೋ ಪಂಡಿತರು ಶ್ರೇಣಿಕ ಸರ್ ಅವರ ಟಿಪ್ಪಣಿಗಳನ್ನು ತಮ್ಮ ಪುಸ್ತಕದಲ್ಲಿ ಬಳಸಿ, ಅವರ ಹೆಸರನ್ನು ಅಡಿಟಿಪ್ಪಣಿಯಲ್ಲಿ ಕೂಡ ಹಾಕಿರಲಿಲ್ಲ. ಆ ಗಾಯ ಹೊತ್ತ ಸರ್, ತಮ್ಮ ಕಾಲದಲ್ಲಿ ಸಹಾಯ ಮಾಡಿದ ಒಬ್ಬನ ಹೆಸರೂ ಬಿಟ್ಟುಹೋಗಬಾರದು ಎಂದು ಪ್ರತಿಜ್ಞೆ ಮಾಡಿದ್ದರು. ಪುಸ್ತಕದಲ್ಲಿ ‘ಮಾಹಿತಿ ನೀಡಿದವರು’ ಎಂಬ ಒಂದು ಕಾಲಮ್ಮೇ ಇತ್ತು. ಮಾಹಿತಿ ನೀಡಿದವರಿಗೆ ಸತ್ಕಾರವೂ ಇತ್ತು.

ಸತ್ಕಾರದ ಸುದ್ದಿ ಹೇಳಲು ಹೋದಾಗ ಮಲಕಾರಿ ಎರಡನೆಯ ಸಲ ಬೇಡ ಎಂದ. ನಮ್ಮ ಕಡೆ ಮನೆಗೆ ಬಂದವನಿಗೆ ಚಹಾ ಕೇಳಿದರೆ ಮೊದಲನೆಯ ಬೇಡ ಮರ್ಯಾದೆ, ಎರಡನೆಯದು ಸಂಸ್ಕಾರ, ಮೂರನೆಯದಕ್ಕೆ ಒಳಗೆ ಹಾಲು ಕಾಯಲು ಇಟ್ಟಿರುತ್ತಾರೆ. ಬೇಡ ಎನ್ನದೆ ಶಾಲು ಹೊದಿಸಿಕೊಂಡ ಮನುಷ್ಯನನ್ನು ನಾವು ಯಾರೂ ನೋಡಿಲ್ಲ. ಏಳು ಜನರಲ್ಲಿ ಒಬ್ಬನ ತಲೆಗೂ ಈ ಮನುಷ್ಯನಿಗೆ ನಿಜವಾಗಿ ಬೇಡವಾಗಿರಬಹುದು ಎಂಬುದು ಹೊಳೆಯಲಿಲ್ಲ.

ಸಮಿತಿಯ ಒಂದು ಕೆಲಸವಿದೆ ಎಂದು ಕರೆಸಿ, ಸಭಾಭವನದ ವೇದಿಕೆ ಹತ್ತಿಸಿದೆವು. ಅವನು ಮೂರನೆಯ ಸಲ ಬೇಡ ಎಂದ, ಮೈಕಿನ ಹತ್ತಿರವೇ ಎಂದದ್ದರಿಂದ ಅದು ಭವನಕ್ಕೆಲ್ಲ ಕೇಳಿಸಿ ಚಪ್ಪಾಳೆ ಬಿತ್ತು. ತಲೆಯಲ್ಲಿ ಮೊದಲೇ ರುಮಾಲು ಇದ್ದುದರಿಂದ ಅದರ ಮೇಲೇ ಜರಿಯ ಪೇಟಾ ಸುತ್ತಿದೆವು. ಮರುದಿನ ಪೇಪರಿನಲ್ಲಿ ಅವನ ಫೋಟೋ ಬಂತು. ಕೆಳಗೆ ಇಪ್ಪತ್ತೇಳು ಕಲ್ಲುಗಳ ಪಟ್ಟಿ: ಊರು, ಹೊಲದ ಸರ್ವೆ ನಂಬರು, ಮಾಲೀಕನ ಹೆಸರು. ದಾಖಲೆಯ ಶುದ್ಧತೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಊರಿಗೆ ಪೇಪರ್ ತಲುಪಿದ್ದು ಒಂಬತ್ತಕ್ಕೆ. ಹತ್ತರ ಹೊತ್ತಿಗೆ, ಕಲ್ಲು ಇದ್ದಲ್ಲೆಲ್ಲ ಸುತ್ತ ನೂರು ಮೀಟರು ಜಮೀನನ್ನು ಸರಕಾರ ಎಳೆದುಕೊಳ್ಳುತ್ತದೆ ಎಂಬ ಸುದ್ದಿ ಅನಂತಪುರದ ಚಹಾದಂಗಡಿಗಳಲ್ಲಿ ಕುದಿಯುತ್ತಿತ್ತು. ಹಾಗೇನೂ ಇಲ್ಲ ಎಂದು ನಾವು ಹೇಳಿದೆವು. ನಮ್ಮ ಮಾತನ್ನು ಸಮಿತಿಯ ಒಳಗೇ ಯಾರೂ ಕೇಳುವುದಿಲ್ಲ, ಊರವರು ಕೇಳಿಯಾರೇ! ಒಬ್ಬ ರೈತ ಅವಸರದಿಂದ ಜೆಸಿಬಿ ತರಿಸಿ ತನ್ನ ಹೊಲದ ಕಲ್ಲನ್ನು ಹಾಳು ಬಾವಿಗೆ ತಳ್ಳಿಸಿದ. ಅದೇ ವಾರ ಮಾಳಿಗೆಯಿಂದ ಬಿದ್ದು ಕಾಲು ಮುರಿದುಕೊಂಡ. ಅಲ್ಲಿಗೆ ಉಳಿದವರ ಫಜೀತಿ ಪೂರ್ತಿಯಾಯಿತು. ಕಲ್ಲು ಇದ್ದರೆ ಸರಕಾರದ ಹೆದರಿಕೆ, ಮುಟ್ಟಿದರೆ ಸತ್ತವನ ಹೆದರಿಕೆ. ಎರಡು ಹೆದರಿಕೆಗಳ ಸಿಟ್ಟು ಸೇರಿ ಒಬ್ಬನ ಮೇಲೆ ಹೋಯಿತು.

ಯಾರೂ ಮಲಕಾರಿಯ ಜೊತೆ ಜಗಳವಾಡಲಿಲ್ಲ. ಈ ಸಲ ನಮ್ಮ ಹೊಲಕ್ಕೆ ಕುರಿ ಬೇಡ ಎಂದರು, ಅಷ್ಟೇ. ನಲವತ್ತು ವರ್ಷ ಹೊಲ ಕೊಟ್ಟವರೆಲ್ಲ ಒಂದೇ ವಾರದಲ್ಲಿ ಹೀಗೆಂದರು. ಅವರ ಬೇಡ ಒಂದೇ ಸಲದ್ದು.

ಗಂಡ ಹೆಂಡತಿ ಕುರಿ ಹೊಡೆದುಕೊಂಡು ದಕ್ಷಿಣಕ್ಕೆ, ಕೃಷ್ಣಾ ದಂಡೆಯ ಉಗಾರ ಬುದ್ರುಕದ ಕಡೆ ಹೋದರು. ಕಬ್ಬು ಕಡಿದ ಗದ್ದೆಗಳಲ್ಲಿ ಜಾಗ ಸಿಕ್ಕೀತು ಎಂಬ ಆಸೆ. ಪೇಪರ್ ಅಲ್ಲಿಗೂ ಹೋಗಿತ್ತು. ಪೇಟಾ ಸುತ್ತಿದ ಮುಖ ಗುರುತಿಸುವುದು ಸುಲಭ. ಇಪ್ಪತ್ತು ದಿನ ಡಾಂಬರು ರಸ್ತೆಯ ಅಂಚಿನಲ್ಲಿ ಕುರಿ ನಿಲ್ಲಿಸಿದರು. ಇಪ್ಪತ್ತೊಂದನೆಯ ದಿನ ಕಬ್ಬು ಹೇರಿದ ಜೋಡಿ ಟ್ರೇಲರಿನ ಟ್ರ್ಯಾಕ್ಟರು ಹನ್ನೊಂದು ಕುರಿಗಳ ಮೇಲೆ ಹಾದುಹೋಯಿತು. ಮರಿಗಳನ್ನು ಎಳೆಯಲು ಹೋದ ಹೊಳೆವ್ವನ ಬಲಗಾಲಿನ ಮೇಲೂ. ಮಿರಜಿನ ಆಸ್ಪತ್ರೆಯಲ್ಲಿ ಮೂರು ವಾರ ಇದ್ದು, ಪಾದ ಬಿಟ್ಟು ಬಂದಳು.

ಸಮಿತಿ ತುರ್ತು ಸಭೆ ಸೇರಿ ತೀವ್ರ ವಿಷಾದ ವ್ಯಕ್ತಪಡಿಸಿತು. ‘ತೀವ್ರ’ ಬೇಕೇ, ‘ಆಳವಾದ’ ಬೇಕೇ ಎಂದು ಅರ್ಧ ತಾಸು ಚರ್ಚೆಯಾಯಿತು. ಚರ್ಚೆಯ ನಡುವೆ ಮಲಕಾರಿ ಬಂದು ಬಾಗಿಲಲ್ಲಿ ನಿಂತ. ಕುರ್ಚಿ ಕೊಟ್ಟೆವು, ಕೂಡಲಿಲ್ಲ.

“ಸರ, ಪೇಪರದಾಗ ಇನ್ನೊಮ್ಮಿ ಹಾಕಸ್ರಿ,” ಎಂದ. “ಮಲಕಾರಿಗೆ ಏನೂ ಗೊತ್ತಿಲ್ಲ, ನಾವಽ ಹುಡುಕಿದ್ವಿ ಅಂತ.”

“ಅದು ಸುಳ್ಳಾಗತೈತಲ್ಲ ಮಲಕಾರಿ,” ಎಂದರು ಶ್ರೇಣಿಕ ಸರ್.

“ಹೌದ್ರಿ. ಸುಳ್ಳಽ ಬೇಕಾಗೈತಿ.”

ಶ್ರೇಣಿಕ ಸರ್ ದುಷ್ಟರಲ್ಲ. ಅವರ ಕಣ್ಣು ತುಂಬಿದ್ದನ್ನು ಎಲ್ಲರೂ ನೋಡಿದೆವು. ಆದರೂ ಇತಿಹಾಸ ಎಂದರೇನು, ಒಮ್ಮೆ ತಿದ್ದಿದ ದಾಖಲೆಯನ್ನು ಮುಂದೆ ಯಾರೂ ಏಕೆ ನಂಬುವುದಿಲ್ಲ, ಒಂದು ಸುಳ್ಳು ಹೊಕ್ಕರೆ ಇಪ್ಪತ್ತೇಳೂ ಹೇಗೆ ಸುಳ್ಳಾಗುತ್ತವೆ ಎಂದು ಹತ್ತನೆಯ ತರಗತಿಗೆ ಹೇಳುವಷ್ಟು ಸಾವಕಾಶವಾಗಿ ವಿವರಿಸಿದರು. ಪಾಠ ಮುಗಿಯುವ ತನಕ ಮಲಕಾರಿ ಕೇಳಿದ.

“ಸತ್ತವರದು ಇಟಗೋರಿ ಸರ,” ಎಂದ. “ನಂದೊಂದ ತಗೀರಿ.”

ಮತಕ್ಕೆ ಹಾಕಿದೆವು. ಹೆಸರು ಉಳಿಯಬೇಕು ಎಂದು ಏಳಕ್ಕೆ ಏಳು ಕೈ ಎದ್ದವು. ಚಹಾ ತರಿಸಿದೆವು. ಅವನು ಬೇಡ ಎಂದ. ನಾವು ಕೊಟ್ಟೆವು.

ಮುಂದಿನದನ್ನು ಮುರಗೆಪ್ಪನೇ ಆಮೇಲೆ ನಮಗೆ ಹೇಳಿದ್ದು. ಅಂದು ಸಂಜೆಯೇ ಮಲಕಾರಿ ಅವನ ತೋಟಕ್ಕೆ ಹೋಗಿದ್ದಾನೆ. ಉಳಿದ ಕುರಿಗಳಿಗೆ ಮೇವಿಲ್ಲ, ಹೊಳೆವ್ವ ನಡೆಯುವ ಹಾಗಿಲ್ಲ, ಊರಿನ ಸುತ್ತಲೇ ಜಾಗ ಸಿಗದಿದ್ದರೆ ಮಂದೆಯನ್ನು ಕಟುಕರಿಗೆ ಕೊಡುವುದೊಂದೇ ದಾರಿ ಎಂದು ಹೇಳಿಕೊಂಡಿದ್ದಾನೆ. ಮುರಗೆಪ್ಪ ಸಣ್ಣವನಿದ್ದಾಗ ಇದೇ ಮಲಕಾರಿಯ ಹೆಗಲ ಮೇಲೆ ಕೂತು ಕುರಿ ಎಣಿಸಿದವನು.

“ಕಾಕಾ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ,” ಎಂದಿದ್ದಾನೆ. “ಕಲ್ಲ ಇರೂತನಾ ಯಾರೂ ನಿನ್ನ ಕುರಿ ಹೊಲದಾಗ ಬಿಡೂದಿಲ್ಲ. ನಾವು ಮುಟ್ಟಾಕ ಹೆದರತೇವಿ. ನೀ ಅವಕ್ಕ ಭಂಡಾರ ಹಚ್ಚಾಂವ. ನೀ ತಗದ್ರ ಅವು ನಿನಗೇನೂ ಮಾಡಲಿಕ್ಕಿಲ್ಲ.”

ಮಾಡಿದರೆ ಎಂದು ಮಲಕಾರಿ ಕೇಳಲಿಲ್ಲವಂತೆ. ಹಾರೆ ಯಾರದು ಎಂದಷ್ಟೇ ಕೇಳಿದನಂತೆ.

ಇದೊಂದೂ ತಿಳಿಯದ ನಮ್ಮ ಸೇನೆ, ಬೇಸಿಗೆಯ ಕೊನೆಗೆ ವಾರ್ಷಿಕ ತಪಾಸಣೆಗೆ ಹೊರಟಿತು. ಮೊದಲನೆಯ ಹೊಲದಲ್ಲಿ ಕಲ್ಲು ಇರಲಿಲ್ಲ. ಜಾಗ ತಪ್ಪಿರಬೇಕು ಎಂದುಕೊಂಡೆವು. ಎರಡನೆಯದರಲ್ಲಿ ಹೊಸದಾಗಿ ಮುಚ್ಚಿದ ತಗ್ಗು, ಅದರ ಮೇಲೆ ಕುರಿಹಿಕ್ಕೆ. ಮೂರನೆಯದರಲ್ಲಿ ಅಂಗೈಯಗಲದ ಚೂರುಗಳು. ಒಂದು ಚೂರಿನಲ್ಲಿ ಕುದುರೆಯ ಕಾಲಿತ್ತು, ಹೊಸ ಅರಿಶಿನವೂ ಇತ್ತು. ಒಡೆಯುವ ಮೊದಲು ಯಾರೋ ಭಂಡಾರ ಹಚ್ಚಿದ್ದರು. ಮಧ್ಯಾಹ್ನದ ಹೊತ್ತಿಗೆ ಪುಸ್ತಕದಲ್ಲಿ ‘ಸ್ಥಳದಲ್ಲಿಲ್ಲ’ ಎಂದು ಹದಿನಾಲ್ಕು ಸಲ, ಮರು ಭಾನುವಾರ ಇನ್ನು ಹನ್ನೆರಡು ಸಲ ಬರೆದೆವು. ಇಷ್ಟು ಕರಾರುವಾಕ್ಕಾಗಿ, ಪೊದೆಯೊಳಗಿನ, ಹುತ್ತದ ಹಿಂದಿನ, ಕಾಲುವೆಯ ಅಡಿಯ ಒಂದನ್ನೂ ಬಿಡದೆ ಹುಡುಕಿ ಒಡೆಯಬಲ್ಲವನು ತಾಲೂಕಿನಲ್ಲಿ ಒಬ್ಬನೇ ಇದ್ದಾನೆ ಎಂಬುದು ನಮ್ಮೆಲ್ಲರಿಗೂ ಗೊತ್ತಿತ್ತು.

ಮುರಗೆಪ್ಪನ ಹೊಲ ಮುಟ್ಟಿದಾಗ ಕುರಿಗಳು ಕೂಳೆಯಲ್ಲಿ ಮೇಯುತ್ತಿದ್ದವು. ಬದುವಿನ ಬೇವಿನ ಕೆಳಗೆ ಹೊಳೆವ್ವ ಕಾಲು ಚಾಚಿ ಕೂತಿದ್ದಳು. ಕೋಲು ಹಿಡಿದ ಕಲ್ಲಿನ ಮನುಷ್ಯ ನೆಲದ ಮೇಲೆ ಮುಖ ಮೇಲಾಗಿ ಮಲಗಿದ್ದ. ಹಣೆಯಲ್ಲಿ, ಎದೆಯಲ್ಲಿ, ಕಾಲ ಬುಡದ ಒಂದೊಂದು ಕುರಿಯ ಬೆನ್ನ ಮೇಲೂ ಭಂಡಾರ. ಪಕ್ಕದಲ್ಲಿ ಹಾರೆ, ಮಲಕಾರಿಯ ಕೈಯಲ್ಲಿ ಕಲ್ಲು ಒಡೆಯುವ ದೊಡ್ಡ ಸುತ್ತಿಗೆ.

ಶ್ರೇಣಿಕ ಸರ್ ಬೈಕಿನಿಂದ ಇಳಿದು ಓಡಿದರು. ಈ ವಯಸ್ಸಿನಲ್ಲಿ ಅವರು ಓಡಿದ್ದನ್ನು ನಾವು ನೋಡಿರಲಿಲ್ಲ. ಕಲ್ಲಿನ ಮುಂದೆ ನಿಂತು, ಇದೊಂದನ್ನು ಬಿಡು, ಸಮಿತಿಯ ಖರ್ಚಿನಲ್ಲಿ ಇವತ್ತೇ ಲಾರಿ ತರಿಸಿ ಅಥಣಿಗೆ ಒಯ್ಯುತ್ತೇವೆ ಎಂದರು. ಮಲಕಾರಿ ತಲೆಯಾಡಿಸಿದ. ಒಯ್ದರೆ ನೀವು ಅಲ್ಲಿ ಇಟ್ಟು, ಎಲ್ಲಿಂದ ಬಂತು ಎಂದು ಬರೆಯುತ್ತೀರಿ ಎಂದ. ಸರ್ ಬರೆಯುವುದಿಲ್ಲ ಎನ್ನಲು ಬಾಯಿ ತೆರೆದರು. ಅರವತ್ತೆಂಟು ವರ್ಷ ಸುಳ್ಳು ಹೇಳದ ಬಾಯಿ ಅದು. ತೆರೆದದ್ದು ತೆರೆದೇ ಉಳಿಯಿತು.

ಮಲಕಾರಿ ನಮ್ಮ ಕಡೆ ತಿರುಗಿದ. ನಮ್ಮಲ್ಲಿ ಬೇರೆ ಯಾರಾದರೂ ಹೇಳಿಯಾರೇ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದ. ಆಮೇಲೆ ಅಂಗೈಗೆ ಉಗುಳಿಕೊಂಡು ಸುತ್ತಿಗೆಯ ಹಿಡಿಯನ್ನು ಬಿಗಿಯಾಗಿ ಹಿಡಿದ.

“ಸರದ ನಿಂದರ್ರಿ ಸರ,” ಎಂದ. “ಚೂರ ಸಿಡೀತಾವ.”

ಶ್ರೇಣಿಕ ಸರ್ ಸರಿದರು. ಅವರ ಹಿಂದೆ ನಾವೂ ಸರಿದು ನಿಂತೆವು.