ದೊಡ್ಡಪ್ಪ ಕಾದ ಸೇಡು

ದೊಡ್ಡಪ್ಪನ ಬಲಗೈ ಹೆಬ್ಬೆರಳ ಬುಡದಲ್ಲಿ ಹುಣಸೆಬೀಜದಷ್ಟು ಗಟ್ಟಿ ಜಡ್ಡು ಇತ್ತು. ಮಗ್ಗದ ಹಗ್ಗ ಎಳೆದೆಳೆದು ಬಂದದ್ದು. ಉಂಡ ಮೇಲೆ ಮೊಬೈಲನ್ನು ಚೊಂಬಿಗೆ ಒರಗಿಸಿ, ಆ ಜಡ್ಡು ಕೆರೆಯುತ್ತ, ಹಳೆಯ ಇಂಗ್ಲಿಷ್ ಕುದುರೆ ಚಿತ್ರ ನೋಡುವರು. ಮಾತಿಲ್ಲದ, ಕಪ್ಪು ಬಿಳುಪಿನ ಚಿತ್ರಗಳು. ಮಾತೆಲ್ಲ ದೊಡ್ಡಪ್ಪನದೇ. ಟೊಪ್ಪಿಯವನು ಪಿಸ್ತೂಲು ತೆಗೆದರೆ, "ಏನ್ಲಾ, ನಮ್ಮಣ್ಣನ್ನ ಕೊಂದ್ಬುಟ್ಟು ಇಲ್ಲಿ ಕಾಪಿ ಕುಡೀತಾ ಕೂತಿದ್ಯಾ?" ಎಂದು ಅಬ್ಬರಿಸುವರು. ಕಾರಮಡೈ ಪಕ್ಕದ ನಮ್ಮ ನೇಕಾರರ ಬೀದಿಯಲ್ಲಿ ನಾನು ಕಲಿತ ಬೈಗುಳದಲ್ಲಿ ಅರ್ಧ ಹೀಗೆ ಬಂದದ್ದು.

"ಅಲ್ಲಿ ಪೋಲೀಸೂ ಇಲ್ಲ, ಕೋರ್ಟೂ ಇಲ್ಲ ಮಗಳೇ. ಅವನವನ ತೀರ್ಪು ಅವನವನ ಕೈಲಿ. ಕೆಟ್ಟವ ಯಾರಂತ ಹುಡುಕ್ಬೇಕಾ? ಹೆಣ ನೋಡಕ್ಕೆ ಮೊದ್ಲು ಬತ್ತಾನಲ್ಲ, ಅವನೇ!"

ಒಂದು ಬೆಳಿಗ್ಗೆ ಅವರ ಮಗ್ಗದ ಪಾವು, ಅಂದರೆ ಸೀರೆಗೆಂದು ಉದ್ದಕ್ಕೆ ಬಿಗಿದ ನೂಲು, ಒಂದು ಪಕ್ಕ ತುಂಡಾಗಿ ಜೋತಿತ್ತು. ಮೊದಲು ಓಡಿಬಂದವರು ಎದುರುಮನೆ ಮಾವ, ಅವರೂ ನೇಕಾರರೇ. "ಬಿಡಿ ಬಾವ, ನಾನೂ ನಿಮ್ ತಂಗೀನೂ ಕೂತು ಗಂಟು ಹಾಕ್ಕೊಡ್ತೀವಿ" ಎನ್ನುತ್ತ, ತುಂಡಾದ ಎಳೆ ಮುಟ್ಟಿ ನೋಡಿ, ಇನ್ನೇನೋ ಹೇಳಹೊರಟರು. ಹಿಂದಿನ ದಿನ ನಲ್ಲಿ ನೀರಿಗೆ ಇಬ್ಬರಿಗೂ ಜಗಳವಾಗಿತ್ತು. ದೊಡ್ಡಪ್ಪ "ನಡಿ ಆಚೆ" ಎಂದು ನೂಕಿದರು.

ನಡುಮಧ್ಯಾಹ್ನ ಬ್ಲೇಡು ಹಿಡಿದು, ಚಿತ್ರದವನಂತೆ ಕಾಲು ಅಗಲಿಸಿ, ಬೀದಿ ದಾಟಿದರು. ಎಂಥ ದ್ವೇಷವಿದ್ದರೂ ನೇಕಾರ ಇನ್ನೊಬ್ಬ ನೇಕಾರನ ಪಾವಿಗೆ ಕೈ ಹಚ್ಚುವುದಿಲ್ಲ. ದೊಡ್ಡಪ್ಪ ಮಾವನ ಪಾವಿನ ಮೇಲೆ ಬ್ಲೇಡನ್ನು ಈ ಅಂಚಿನಿಂದ ಆ ಅಂಚಿಗೆ ಒಂದೇ ಸಲಕ್ಕೆ ಎಳೆದರು. ಸಾವಿರಾರು ಎಳೆ. ಮಾವ ಏನೋ ಕೂಗಿ ಹೇಳಿದರು. ಬಾಗಿಲಲ್ಲಿ ನೆರೆದವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮಾವನ ಕಣ್ಣು ಆಗಲೇ ಮಂಜಾಗಿತ್ತು. ಅಷ್ಟೂ ಎಳೆಗೆ ಗಂಟು ಹಾಕಲು ಅವರಿಂದಾಗಲಿಲ್ಲ. ಮಗ್ಗ ಕಳಚಿಟ್ಟು ತುಡಿಯಲೂರಿನ ಒಂದು ಕಾರ್ಖಾನೆಯ ಗೇಟು ಕಾಯಲು ಹೋದರು.

ಹತ್ತು ದಿನದ ಮೇಲೆ ನಮ್ಮ ಮಗ್ಗದಡಿ ಕಾಲು ಇಳಿಬಿಡುವ ಗುಂಡಿಯಲ್ಲಿ ಇಲಿಗೂಡು ಸಿಕ್ಕಿತು. ತುಂಬ ನಮ್ಮದೇ ನೀಲಿ ನೂಲು; ನೂಲಿಗೆ ಹಚ್ಚಿದ ಗಂಜಿಯ ರುಚಿಗೆ ಇಲಿ ಕಡಿದದ್ದು. ದೊಡ್ಡಪ್ಪ ಅದನ್ನು ತುಳಿದು ಮಣ್ಣು ಮುಚ್ಚಿದರು. "ಬಾಯಿ ಬಿಟ್ರೆ ನೋಡು" ಎಂದರು. ನಾನು ಬಿಡಲಿಲ್ಲ.

ಅಂದಿನಿಂದ ಬಾಗಿಲಿಗೆ ಮುಖ ಮಾಡಿಯೇ ಕೂತರು. "ನಮ್ ಪಾವು ಕುಯ್ಯಕ್ಕೆ ಬತ್ತಾನೆ. ಬರದೆ ಇರ್ತಾನಾ?" ಮೂರು ವರ್ಷ ಹಾಗೇ ಹೋಯಿತು. ಬಸ್ಸಿಗೆ ಹೊರಟ ಮಾವ ದಿನವೂ "ಚೆನ್ನಾಗಿದ್ದೀರಾ ಬಾವ?" ಎಂದು ಕೇಳುತ್ತ ಹೋಗುವರು, ಅಷ್ಟೆ. ದೊಡ್ಡಪ್ಪ ಮಗ್ಗಕ್ಕೆ ಕೂರುವುದನ್ನೇ ಬಿಟ್ಟರು. ಪಾವು ಮಗ್ಗದ ಮೇಲೆ ನೇಯದೆ ಉಳಿಯಿತು.

ಹಾಸಿಗೆ ಹಿಡಿದ ಮೇಲೆ ಮಾವನನ್ನು ಕರೆಸಿದರು. ಇಲಿಯ ವಿಷಯ ತಾವೇ ಹೇಳಿದರು. ಕತ್ತರಿ ಚಾಚಿ, "ನಂದೂ ಕುಯ್ದುಬುಡಪ್ಪಾ. ಇಬ್ರಿಗೂ ತೀರ್ಲಿ" ಎಂದು ಬೇಡಿದರು.

ಮಾವ ಕತ್ತರಿ ಮುಟ್ಟಲಿಲ್ಲ. "ಎಳೆ ಮುಟ್ಟಿದ್ದಕ್ಕೇ ಇಲಿ ಅಂತ ನಂಗವತ್ತೇ ಗೊತ್ತಾಯ್ತು. ಹೇಳ್ದೆ. ಆ ಚಪ್ಪಾಳೇಲಿ ಯಾರಿಗ್ ಕೇಳ್ತು? ನಲವತ್ತು ವರ್ಷ ನೂಲು ಹಿಡಿದ ಕೈ ನಿಮ್ದು ಬಾವ. ನಿಮಗೂ ಗೊತ್ತಿತ್ತು."

ದೊಡ್ಡಪ್ಪ ಕತ್ತರಿ ಕೆಳಗಿಟ್ಟು ಹೆಬ್ಬೆರಳ ಜಡ್ಡು ಕೆರೆದರು.

"ತೀರೋದ್ ಬ್ಯಾಡ. ಹಂಗೇ ಇರ್ಲಿ" ಎಂದು ಮಾವ ಎದ್ದರು. "ಮಾಪ್ಳೆ..." ಎಂದು ದೊಡ್ಡಪ್ಪ, ತಂಗಿಯ ಗಂಡನನ್ನು ಕರೆಯುವ ಹಾಗೆ, ಜಗಳಕ್ಕೆ ಮುಂಚಿನ ಸಲುಗೆಯಲ್ಲಿ ಕರೆದರು. ಮಾವ ತಿರುಗಲಿಲ್ಲ. ಎರಡು ದಿನಕ್ಕೆ ದೊಡ್ಡಪ್ಪ ಹೋದರು.

ನನಗೆ ಕತೆ ಹೇಳುವುದನ್ನು ಕಲಿಸಿದವರು ಅವರು. ಈ ಕತೆಯನ್ನು ಇಲಿಗೂಡು ಸಿಕ್ಕ ದಿನವೇ, ಬೀದಿಯಲ್ಲಿ ನಿಂತು, ನಾನು ಹೇಳಬೇಕಿತ್ತು.